ಮರಿಗಳ ಗಾಡಿಗೆ ಎಷ್ಟು ತಾಸು

ಅಣ್ಣಿಗೇರಿಯಿಂದ ಗದಗಿನ ಕಡೆ ಹೋಗುವ ರಸ್ತೆಯಲ್ಲಿ, ಕಾಳಿನ ಗೋದಾಮುಗಳು ಮುಗಿದು ಹೊಲಗಳು ಶುರುವಾಗುವಲ್ಲಿ ನಮ್ಮಣ್ಣನ ಶೆಡ್ ಇದೆ. ಹಳೆಯ ಗಾಡಿಗಳನ್ನು ಬಿಚ್ಚಿ, ಗಿರಾಕಿ ಕೇಳಿದ ಹಾಗೆ ಮತ್ತೆ ಕಟ್ಟಿಕೊಡುವುದು ಅಲ್ಲಿಯ ಕೆಲಸ. ಮದುವೆ ಮೆರವಣಿಗೆಗೆಂದು ಮೇಲ್ಛಾವಣಿ ಕೊಯ್ದು ತೆಗೆದ ಕಾರು, ಅಗಲ ಗಾಲಿ ಹಾಕಿಸಿಕೊಂಡ ಜೀಪು, ಹಿಂದೆ ಹಿಟ್ಟಿನ ಗಿರಣಿ ಕೂರಿಸಿಕೊಂಡು ಊರೂರು ತಿರುಗುವ ವ್ಯಾನು, ಇಂಥವು. ನನ್ನ ಕೆಲಸ ಅದಕ್ಕೂ ಮೊದಲಿನದು. ಗಾಡಿ ಬಂದು ನಿಂತ ಕೂಡಲೇ ಸುತ್ತ ತಿರುಗಾಡಿ, ಕೆಳಗೆ ತೂರಿ, ಬಾಗಿಲು ತೆಗೆದು ಹಾಕಿ, ಈ ಕೆಲಸಕ್ಕೆ ಇಷ್ಟು ತಾಸು ಹಿಡಿಯುತ್ತದೆ ಎಂದು ನಾನು ಹೇಳಬೇಕು.

ಡಿಪ್ಲೊಮಾ ಮುಗಿಸಿದ ಮೇಲೆ ಹುಬ್ಬಳ್ಳಿಯ ಒಂದು ದೊಡ್ಡ ಸರ್ವಿಸ್ ಸೆಂಟರಿನಲ್ಲಿ ಕೆಲವು ವರ್ಷ ಇದನ್ನೇ ಮಾಡುತ್ತಿದ್ದೆ. ಅಲ್ಲಿ ಅದು ಸುಲಭವಿತ್ತು. ಬಂಪರ್ ಬಿಚ್ಚಿ ಹಾಕಲು ಇಷ್ಟು, ಬಾಗಿಲು ಬದಲಿಸಲು ಇಷ್ಟು ಎಂದು ಕಂಪನಿಯವರೇ ಗೊತ್ತು ಮಾಡಿಟ್ಟಿದ್ದರು. ಕಂಪ್ಯೂಟರ್ ತೆರೆದರೆ ಎದುರಿಗೆ ಬರುತ್ತಿತ್ತು, ನಾನು ಓದಿ ಹೇಳುತ್ತಿದ್ದೆ. ಗಾಜಿನ ಕೋಣೆಯೊಳಗೆ ದಿನವಿಡೀ ಕೂತು ಕೂತು ನನಗೆ ಉಸಿರು ಕಟ್ಟಿದ ಹಾಗಾಗುತ್ತಿತ್ತು. ಒಂದು ದಿನ ಬಿಟ್ಟು ಬಂದೆ. ಅವ್ವ ಬೈಯಲಿಲ್ಲ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದವಳನ್ನು ಯಾರು ತಾನೇ ಕೂರಿಸಲಾದೀತು ಎಂದು ಬಾಜು ಮನೆಯವರ ಮುಂದೆ ಹೇಳಿದಳಂತೆ.

ಅಣ್ಣನ ಶೆಡ್ಡಿನಲ್ಲಿ ಅಂಥ ಲೆಕ್ಕ ಯಾರೂ ಮಾಡಿಟ್ಟಿಲ್ಲ, ಮಾಡಿಡಲು ಬರುವುದೂ ಇಲ್ಲ. ಅಲ್ಲಿ ಕಟ್ಟುವ ಪ್ರತಿ ಗಾಡಿಯೂ ಒಂದೇ ಸಲ ಹುಟ್ಟುತ್ತದೆ. ಯಾರೂ ಹಿಂದೆ ಮಾಡಿರದ ಕೆಲಸಕ್ಕೆ ಎಷ್ಟು ಹೊತ್ತು ಬೇಕು ಎಂದು ಹೇಳುವುದು ಹೇಗೆ? ನಾನು ದೊಡ್ಡ ಕೆಲಸವನ್ನು ಸಣ್ಣ ಕೆಲಸಗಳಾಗಿ ಒಡೆಯುತ್ತೇನೆ. ಕೊಯ್ಯುವುದು, ಬಗ್ಗಿಸುವುದು, ಬೆಸೆಯುವುದು, ತಿಕ್ಕುವುದು, ಬಣ್ಣ ಹೊಡೆಯುವುದು. ಒಂದೊಂದಕ್ಕೂ ಕೈ ಎಷ್ಟು ಹೊತ್ತು ಆಡಬೇಕು ಎಂದು ಕಣ್ಣು ಮುಚ್ಚಿ ನೋಡುತ್ತೇನೆ. ಅದಕ್ಕೆ ಕರೆಂಟು ಹೋಗುವ ಹೊತ್ತು, ಚಹಾದ ಹೊತ್ತು, ಹುಬ್ಬಳ್ಳಿಯಿಂದ ಸಾಮಾನು ಬರುವತನಕ ಸುಮ್ಮನೆ ಕಾಯುವ ಹೊತ್ತು ಸೇರಿಸುತ್ತೇನೆ. ಹೇಳಿಬಿಟ್ಟ ಮೇಲೆ ಗಾಡಿ ಶೆಡ್ಡು ಬಿಟ್ಟು ಹೋಗುವವರೆಗೂ ನನಗೆ ಸಮಾಧಾನವಿಲ್ಲ. ಊಟಕ್ಕೆ ಕೂತರೂ ಕಿವಿ ಗ್ರೈಂಡರಿನ ಕಡೆಗೇ. ಅದರ ಸದ್ದು ನಿಂತರೆ ಯಾಕೆ ನಿಂತಿತು ಎಂದು ಎಂಜಲು ಕೈಯಲ್ಲೇ ಎದ್ದು ಹೋಗುತ್ತೇನೆ.

ಈ ಚಾಳಿ ನನ್ನನ್ನು ಎಲ್ಲಿಯೂ ಬಿಡಲಿಲ್ಲ. ಬಸ್ಸಿನಲ್ಲಿ ಕೂತರೆ ಎದುರಿನ ಹರಿದ ಸೀಟಿಗೆ ಎಷ್ಟು ಹೊತ್ತು ಹಿಡಿದೀತು ಎಂದು ಮನಸ್ಸು ಲೆಕ್ಕ ಹಾಕುತ್ತದೆ. ಒಮ್ಮೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅವರ ಕಾರಿನ ಹಿಂಬಾಗಿಲು ಒಳಗೆ ತಗ್ಗಾಗಿದ್ದುದನ್ನು ಕಿಟಕಿಯಿಂದಲೇ ನೋಡಿದ್ದೆ. ಚಹಾ ಕೊಡುತ್ತ, ಮೂರು ತಾಸಿನಲ್ಲಿ ಸರಿಯಾಗುತ್ತದೆ, ತಂದು ಬಿಡಿ ಎಂದು ಹುಡುಗನ ತಂದೆಗೆ ಹೇಳಿಬಿಟ್ಟೆ. ಅವರು ತಿರುಗಿ ಬರಲಿಲ್ಲ, ಕಾರೂ ಬರಲಿಲ್ಲ.

ಶೆಡ್ಡಿನಲ್ಲಿ ನಾವು ಮುಖ್ಯವಾಗಿ ಮೂವರು. ಗಿರಾಕಿಗಳ ಜೊತೆ ಮಾತು ಅಣ್ಣನದು. ನಾನು ಹೇಳುವ ತಾಸು ಅವನಿಗೆ ಯಾವಾಗಲೂ ಹೆಚ್ಚು ಅನಿಸುತ್ತದೆ, ಗಿರಾಕಿ ಹೆದರಿ ಓಡಿಹೋಗುತ್ತಾನೆ ಎನ್ನುತ್ತಾನೆ. ವೆಲ್ಡಿಂಗ್ ಎಲ್ಲ ಚಾಚಾನದು. ನಮ್ಮಪ್ಪನ ಕಾಲದಿಂದ ಇರುವ ಮನುಷ್ಯ. ಮನೆಯಲ್ಲಿ ಉರ್ದು, ಶೆಡ್ಡಿನಲ್ಲಿ ನಮಗಿಂತ ಗಟ್ಟಿ ಕನ್ನಡ. ನಾನು ಹೇಳುವ ತಾಸು ಅವನಿಗೆ ಯಾವಾಗಲೂ ಕಡಿಮೆ ಅನಿಸುತ್ತದೆ. ಇಬ್ಬರ ನಡುವೆ ನಿಂತು ನಾನು ಒಂದು ಸಂಖ್ಯೆ ಹೇಳಬೇಕು.

ಆ ವರ್ಷ ಬೇಸಿಗೆ ಬೇಗ ಏರಿತ್ತು. ಒಂದು ಮಧ್ಯಾಹ್ನ ಹಳೆಯ ಪಿಕಪ್ ಗಾಡಿಯೊಂದು ಕೆಮ್ಮುತ್ತ ಬಂದು ಶೆಡ್ಡಿನ ಮುಂದೆ ನಿಂತಿತು. ನಡೆಸುತ್ತಿದ್ದವನು ಮೂವತ್ತರ ಆಸುಪಾಸಿನ ಗಂಡಸು. ಪಕ್ಕದಲ್ಲಿ ಕೂತಿದ್ದ ಹೆಂಗಸು ಮೊದಲು ಇಳಿದಳು. ನಮ್ಮ ಚಿಕ್ಕವ್ವನ ವಯಸ್ಸಿರಬೇಕು. ಹೆಗಲ ಮೇಲೆ ಮಡಿಚಿದ ಕಂಬಳಿ ಇತ್ತು. ಅವನು ತನ್ನ ಮೈದುನ, ತಾವು ಮಿಶ್ರಿಕೋಟಿ ಕಡೆಯ ಕುರಿಯವರು ಎಂದು ಹೇಳಿದಳು. ಕಡಲೆ, ಜೋಳ ಕೊಯ್ಲಾದ ಮೇಲೆ ಹಿಂಡು ಹೊಡೆದುಕೊಂಡು ಮೊರಬದ ಕಡೆ ಬರುತ್ತಾರೆ. ಗೊಬ್ಬರವಾಗಲೆಂದು ಅಲ್ಲಿಯ ರೈತರು ತಮ್ಮ ಹೊಲಗಳಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ಮಳೆಗಾಲ ಬರುವ ಮುಂಚೆ ತಿರುಗಿ ತಮ್ಮ ಕೆಂಪು ಮಣ್ಣಿಗೆ ಹೋಗಬೇಕು. ಎರಿ, ಅಂದರೆ ಈ ಕರಿ ಮಣ್ಣು, ಹಸಿಯಾದರೆ ಕುರಿಗಳ ಗೊರಸು ಕೊಳೆಯುತ್ತದೆ.

ದೊಡ್ಡ ಕುರಿಗಳು ನಡೆಯುತ್ತವೆ. ಎಳೆಯ ಮರಿಗಳು ನಡೆಯಲಾರವು. ಮೊದಲು ಕುದುರೆಯ ಎರಡೂ ಬದಿಗೆ ಬುಟ್ಟಿ ಕಟ್ಟಿ ಒಯ್ಯುತ್ತಿದ್ದರು. ಕುದುರೆ ಮುದಿಯಾಗಿ ಸತ್ತಿತು. ಹಿಂದಿನ ವರ್ಷ ಬಾಡಿಗೆ ಗಾಡಿಯೊಂದರಲ್ಲಿ ಎಲ್ಲ ಮರಿಗಳನ್ನೂ ಒಟ್ಟಿಗೆ ಹಾಕಿ ಮೇಲೆ ತಾಡಪಾಲು ಹೊದಿಸಿದ್ದರು. ದಾರಿಯಲ್ಲಿ ಚಾಲಕ ಜೋರಾಗಿ ಬ್ರೇಕು ಹಾಕಿದ. ಹಿಂದಿನವು ಮುಂದಿನವುಗಳ ಮೇಲೆ ಬಿದ್ದು ಗುಡ್ಡೆಯಾದವು. ಬಿಚ್ಚಿ ನೋಡಿದಾಗ ತಳದವು ಉಸಿರಾಡುತ್ತಿರಲಿಲ್ಲ. ಇದನ್ನು ಹೇಳುವಾಗ ಆಕೆ ಅಳಲಿಲ್ಲ. ಗುಡ್ಡೆ ಎಷ್ಟು ಎತ್ತರವಿತ್ತು ಎಂದು ಕೈಯಿಂದ ಸೊಂಟದ ಹತ್ತಿರ ತೋರಿಸಿದಳು, ಆಮೇಲೆ ಆ ಕೈಯನ್ನು ಅಲ್ಲೇ ಬಹಳ ಹೊತ್ತು ಹಿಡಿದುಕೊಂಡಿದ್ದಳು.

ಅದಕ್ಕೇ ಈ ಗಾಡಿ ಕೊಂಡಿದ್ದರು. ಒಂದರ ಮೇಲೊಂದು ಬೀಳದ ಹಾಗೆ ಒಳಗೆ ಖಾನೆಗಳು, ಎರಡು ಅಂತಸ್ತು, ಎಲ್ಲ ಕಡೆ ಗಾಳಿ. ಇಷ್ಟು ಆಕೆಯ ತಲೆಯಲ್ಲಿತ್ತು.

ನಾನು ಗಾಡಿಯ ಕೆಳಗೆ ತೂರಿ ನೋಡಿದೆ. ತಳದ ತಗಡಿನ ಮೇಲೆ ಯಾರೋ ದಪ್ಪಗೆ ಕರಿ ಬಣ್ಣ ಬಳಿದಿದ್ದರು. ಹೊರಗೆ ಬಂದು ಲೆಕ್ಕ ಹಾಕಿದೆ, ಅರವತ್ತು ತಾಸು ಬಂತು. ಅಣ್ಣ ನನ್ನನ್ನು ಬದಿಗೆ ಕರೆದು ನಲವತ್ತು ಹೇಳು ಎಂದ. ಚಾಚಾನನ್ನು ಕೇಳಿದೆ.

"ತಳಾ ಬಿಚ್ಚಿ ನೋಡದ ನಾ ಏನೂ ಹೇಳೂದಿಲ್ಲ ಬೇಟಿ. ಹೇಳಾಕ ಬೇಕು ಅಂದ್ರ, ನೂರು."

ನಾನು ಅರವತ್ತೇ ಹೇಳಿದೆ. ಆಕೆ ನನ್ನ ಮುಖವನ್ನೇ ನೋಡಿದಳು.

"ತಾಸಿನ ಲೆಕ್ಕ ನನಗ ತಿಳಿಯೂದಿಲ್ಲವಾ ತಂಗಿ. ರೋಹಿಣಿ ಮಳಿ ಬೀಳೂದರಾಗ ನಾವು ಎರಿ ಬಿಟ್ಟ ಹೋಗಬೇಕು. ಅಷ್ಟರಾಗ ಆಗತೈತೋ ಇಲ್ಲೋ, ಅದನ್ನ ಹೇಳ."

"ಆಗತೈತ್ರಿ ಅಕ್ಕಾರ," ಎಂದೆ.

ಅಂದಿನಿಂದ ನನ್ನ ಕಣ್ಣು ಆಕಾಶದ ಮೇಲಿತ್ತು.

ಅಳತೆ ತರಲು ಮರುದಿನ ಸ್ಕೂಟಿಯಲ್ಲಿ ಮೊರಬಕ್ಕೆ ಹೋದೆ. ಊರ ಹೊರಗೆ, ಡಾಂಬರು ರಸ್ತೆಯಿಂದ ಒಳಗೆ ಬಂಡಿ ದಾರಿ ಹಿಡಿದು ಹೋದರೆ ಅವರ ಹಿಂಡು. ನೆರಳೆಂಬುದು ಎಲ್ಲಿಯೂ ಇಲ್ಲದ ಬಯಲು. ಬಿರುಕು ಬಿಟ್ಟ ಕರಿ ನೆಲ. ದೊಡ್ಡ ಕುರಿಗಳು ಮೇಯಲು ಹೋಗಿದ್ದವು. ಬಲೆಯ ಬೇಲಿಯೊಳಗೆ ಐವತ್ತಕ್ಕೂ ಹೆಚ್ಚು ಮರಿಗಳು ಒಂದೇ ಸಮ ಕೂಗುತ್ತಿದ್ದವು. ನಾನು ಟೇಪು ತೆಗೆದೆ. ಒಂದು ಮರಿ ನನ್ನ ದುಪಟ್ಟಾದ ತುದಿ ಚೀಪತೊಡಗಿತು. ಇನ್ನೊಂದನ್ನು ಹಿಡಿದು ನಿಲ್ಲಿಸಿದರೆ ಕಾಲು ಮಡಿಚಿ ಕೂತುಬಿಟ್ಟಿತು.

ಎಷ್ಟು ಖಾನೆ ಬೇಕು ಎಂದು ಕೇಳಿದರೆ ಆಕೆ ಆರು ಎಂದಳು, ಸ್ವಲ್ಪ ಹೊತ್ತಿಗೆ ಎಂಟು ಎಂದಳು. ಬಾಗಿಲು ಹಿಂದೆ ಇರಲಿ ಎಂದಳು, ಆಮೇಲೆ ಯಾಕೋ ಬೇಡ ಎಂದಳು. ಗಾಡಿ ಆಕೆಯ ಕಣ್ಣಿಗೆ ಕಟ್ಟುತ್ತಿರಲಿಲ್ಲ. ನೋಡಿದ ಮೇಲೆ ಹೇಳುತ್ತೇನೆ ಎಂದಳು. ನನ್ನಂಥವಳಿಗೆ ಇದಕ್ಕಿಂತ ಭಯದ ಮಾತಿಲ್ಲ. ಗಿರಾಕಿ ನೋಡಿದ ಮೇಲೆ ಹೇಳುವ ಒಂದೊಂದು ಮಾತಿಗೂ ಅರ್ಧ ದಿನ ಹೋಗುತ್ತದೆ.

ಕೊನೆಗೆ ಬೇಲಿಯ ಗೂಟವೊಂದನ್ನು ತೆಗೆದುಕೊಂಡು ನೆಲದ ಮೇಲೆ ಗಾಡಿಯನ್ನೇ ಬರೆದೆ. ಪಿಕಪ್ಪಿನದೇ ಉದ್ದ, ಅದರದೇ ಅಗಲ. ಇದು ಮುಂದು, ಇದು ಹಿಂದು, ಇವು ಖಾನೆಗಳು. ಆಕೆ ಗೆರೆಯೊಳಗೆ ಬಂದು ನಿಂತಳು. ಎರಡು ಮರಿಗಳನ್ನು ತಂದು ಒಂದು ಖಾನೆಯಲ್ಲಿ ಬಿಟ್ಟಳು. ಅವು ಗೆರೆ ದಾಟಿ ಹೋದವು. ಮೈದುನ ನಗತೊಡಗಿದ. ಆಕೆ ನಗಲಿಲ್ಲ, ಗೆರೆಯೊಳಗೆ ತಿರುಗಾಡುತ್ತಲೇ ಇದ್ದಳು. ಸಂಜೆ ಗಾಡಿ ನಿಂತಾಗ ತಾಯಿಗಳು ಎಲ್ಲಿ ಬಂದು ನಿಲ್ಲುತ್ತವೆ ಎಂದು ನಾನು ಕೇಳಿದೆ. ಆಗ ಆಕೆಗೆ ಹೊಳೆಯಿತು. ಹಿಂದೆ ಒಂದೇ ಬಾಗಿಲಿದ್ದರೆ ತಾಯಿಗಳೆಲ್ಲ ಅಲ್ಲೇ ನುಗ್ಗಿ ತುಳಿದಾಡುತ್ತವೆ. ಎರಡೂ ಬಾಜು ಉದ್ದಕ್ಕೆ ತೆರೆಯುವ ಬಾಗಿಲು ಬೇಕು. ಅದು ಸರಿಯೇ ಇತ್ತು. ಅದಕ್ಕೆ ನನ್ನ ಅರವತ್ತು ತಾಸು ಸಾಲುವುದಿಲ್ಲ ಎಂಬುದೂ ಅಲ್ಲೇ ಗೊತ್ತಾಯಿತು. ತಿರುಗಿ ಬರುವಾಗ ನವಲಗುಂದದವರೆಗೂ ಆ ಬಾಗಿಲುಗಳ ಬಿಜಾಗರಿಗಳನ್ನೇ ಎಣಿಸುತ್ತ ಬಂದೆ.

ಕೆಲಸ ಶುರುವಾದ ದಿನ ಚಾಚಾ ತಳದ ತಗಡು ಬಿಚ್ಚಿದ. ಗಾಡಿಯ ಭಾರವನ್ನೆಲ್ಲ ಹೊರುವ ಚಾಸಿಯ ಅಡ್ಡಪಟ್ಟಿಗಳು ಕಂಡವು. ಸ್ಕ್ರೂಡ್ರೈವರ್ ತೆಗೆದುಕೊಂಡು ಮೆಲ್ಲಗೆ ಒತ್ತಿದ. ಅದು ಹಪ್ಪಳಕ್ಕೆ ಇಳಿದ ಹಾಗೆ ಒಳಗೆ ಇಳಿಯಿತು. ಕರಿ ಬಣ್ಣದ ಹಿಂದೆ ಮೂರು ಪಟ್ಟಿಗಳು ಪೂರ್ತಿ ತುಕ್ಕು ತಿಂದಿದ್ದವು.

ಅಣ್ಣ ತೇಪೆ ಹಾಕಿ ಮುಗಿಸು ಎಂದ. ಅವನಿಗೂ ಅವನದೇ ಅವಸರವಿತ್ತು. ಕುಂದಗೋಳದ ಮನೆಯೊಂದರ ಮದುವೆಗೆ ಮೆರವಣಿಗೆಯ ಕಾರು ಅರ್ಧ ಕೊಯ್ದು ನಿಂತಿತ್ತು, ಮುಹೂರ್ತ ಯಾರಿಗೂ ಕಾಯುವುದಿಲ್ಲ. ಚಾಚಾ ಹೆಲ್ಮೆಟ್ ತೆಗೆದು ಬೆಂಚಿನ ಮೇಲಿಟ್ಟ.

"ಇದರ ಮ್ಯಾಲ ನಾ ಕಟ್ಟೂದಿಲ್ಲ. ಹೋದ ವರ್ಷ ಬ್ರೇಕಿಗೆ ಸತ್ತಾವು. ಈ ವರ್ಷ ನನ್ನ ಕೈಯಾಗ ಸಾಯೂದು ಬ್ಯಾಡ."

ಅಣ್ಣ ಹೊರಗೆ ಹೋಗಿ ಮದುವೆ ಮನೆಯವರಿಗೆ ಫೋನು ಮಾಡುತ್ತ ಬಹಳ ಹೊತ್ತು ಬಿಸಿಲಲ್ಲಿ ನಿಂತಿದ್ದ.

ಆಕೆಗೆ ಹೇಳುವುದು ನನ್ನ ಪಾಲಿಗೆ ಬಂತು. ಫೋನಿನಲ್ಲಿ ಹೇಳಿದೆ. ಮರುದಿನ ಬೆಳಗಿನ ಬಸ್ಸಿಗೆ ಒಬ್ಬಳೇ ಬಂದಳು. ಸೀರೆ ಎತ್ತಿ ಕಟ್ಟಿ ಗಾಡಿಯ ಕೆಳಗೆ ಕೂತು, ಆ ತೂತಿನೊಳಗೆ ಬೆರಳು ಹಾಕಿ ನೋಡಿದಳು. ಎದ್ದು ಬಂದು, ಹೊಸ ಪಟ್ಟಿ ಹಾಕಿರಿ, ಎಷ್ಟಾದರೂ ಆಗಲಿ ಎಂದಳು. ನಾನು ನಿಟ್ಟುಸಿರು ಬಿಡುವಷ್ಟರಲ್ಲಿ ಗೋಡೆಗೆ ಒರಗಿಸಿಟ್ಟ ಚೌಕಟ್ಟು ಕಂಡಿತು. ಈಗ ಆಕೆಗೆ ಗಾಡಿ ಕಣ್ಣಿಗೆ ಕಟ್ಟತೊಡಗಿತ್ತು. ಮೇಲಿನ ಅಂತಸ್ತು ಇಷ್ಟು ಎತ್ತರ ಬೇಡ, ಮರಿ ಎತ್ತಿಡಲು ತನ್ನ ಕೈ ಎಟಕುವುದಿಲ್ಲ ಎಂದಳು. ಚೌಕಟ್ಟನ್ನು ಬೆಸೆದಾಗಿತ್ತು. ನಾನು ರಸ್ತೆಯವರೆಗೆ ನಡೆದು ಹೋದೆ, ಒಂದು ಲಾರಿ ದಾಟಿ ಹೋಗುವುದನ್ನು ನೋಡಿದೆ, ತಿರುಗಿ ಬಂದೆ. ಅಷ್ಟರಲ್ಲಿ ಚಾಚಾ ಗ್ರೈಂಡರ್ ಹಚ್ಚಿ ಬೆಸುಗೆ ಕೊಯ್ಯುತ್ತಿದ್ದ. ಆಕೆ ಪಕ್ಕದಲ್ಲಿ ನಿಂತು, ಇಷ್ಟು ಸಾಕು ಎಂದು ತನ್ನ ಭುಜದ ಹತ್ತಿರ ಕೈ ಹಿಡಿದಿದ್ದಳು.

ಆಮೇಲಿನ ದಿನಗಳಲ್ಲಿ ನಾನು ಚಾಚಾನ ಹೊತ್ತನ್ನು ಎರಡು ಗಾಡಿಗಳಿಗೆ ಹರಿದು ಹಂಚುತ್ತಿದ್ದೆ. ಬಿಸಿಲೇರುವತನಕ ಮರಿಗಳ ಗಾಡಿ, ಊಟದ ಮೇಲೆ ಮದುವೆಯ ಕಾರು. ಚಾಚಾ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಬೀಡಿ ಸೇದಲು ನಿಂತರೂ ನನ್ನ ಜೀವ ಚಡಪಡಿಸುತ್ತಿತ್ತು. ನೀನು ಹೀಗೆ ಎದುರಿಗೆ ನಿಂತರೆ ಬೆಸುಗೆ ಸೊಟ್ಟಗಾಗುತ್ತದೆ, ಮನೆಗೆ ಹೋಗು ಎಂದು ಒಮ್ಮೆ ಬೈದೂ ಬಿಟ್ಟ. ಮನೆಗೆ ಹೋದರೆ ಅವ್ವ ನನ್ನ ಓಡಾಟ ನೋಡಿ, ತಾನೇ ಶೆಡ್ಡಿಗೆ ಹೋಗೆಂದು ಅಟ್ಟಿದಳು.

ಮಳೆ ರೋಹಿಣಿಯವರೆಗೆ ಕಾಯಲಿಲ್ಲ. ಒಂದು ಸಂಜೆ ಪಡುವಣದಲ್ಲಿ ಮೋಡ ಕಪ್ಪಾಗಿ ಎದ್ದು, ನೋಡುತ್ತಿರುವಂತೆಯೇ ಗಾಳಿ ಬಂತು. ಶೆಡ್ಡಿನ ತಗಡುಗಳು ಬಡಿದುಕೊಂಡವು. ಕರೆಂಟು ಹೋಯಿತು. ವರ್ಷಕ್ಕೆ ಒಂದೆರಡು ಅಡ್ಡಮಳೆ ಬಿದ್ದೇ ಬೀಳುತ್ತವೆ, ನಿಂತುಹೋಗುತ್ತವೆ ಎಂದು ಅಣ್ಣ ಹೇಳಿದ. ಅದು ನಿಲ್ಲಲಿಲ್ಲ.

ಬೆಳಿಗ್ಗೆ ಮೈದುನನ ಫೋನು ಬಂತು. ಹೊಲವೆಲ್ಲ ಕೆಸರಾಗಿತ್ತು. ಬೆಳಕು ಹರಿಯುವ ಹೊತ್ತಿಗೇ ಗಂಡಸರು ದೊಡ್ಡ ಕುರಿಗಳನ್ನು ಹೊಡೆದುಕೊಂಡು ರಸ್ತೆಯಾಚೆ ದೂರದಲ್ಲಿದ್ದ, ನೀರು ನಿಲ್ಲದ ಗರಸಿನ ದಿಬ್ಬಕ್ಕೆ ಹೋಗಿದ್ದರು. ಮರಿಗಳು ಕೆಸರಲ್ಲೇ ನಿಂತಿದ್ದವು. ಕಾಲಿಗೆ ಮಣ್ಣು ಮೆತ್ತಿ ಉಂಡೆಯಾಗಿ ಹೆಜ್ಜೆ ಎತ್ತಲು ಬರುತ್ತಿರಲಿಲ್ಲ. ಕೆಲವು ಚಳಿಗೆ ಆಗಲೇ ಸತ್ತಿದ್ದವು. ಮೋಡ ಇನ್ನೂ ಹಾಗೇ ಇತ್ತು. ಆಕೆ ಅವನ ಕೈಯಿಂದ ಫೋನು ಕಸಿದುಕೊಂಡಳು.

"ಗಾಡಿ ಹೆಂಗೈತಿ ಹಂಗ ತಗೊಂಡ ಬರ್ರಿ."

ಗಾಡಿ ಹೇಗಿತ್ತೆಂದರೆ, ಹೊಸ ಪಟ್ಟಿಗಳು ಕೂತಿದ್ದವು, ಚೌಕಟ್ಟು ನಿಂತಿತ್ತು. ಕೆಳಗಿನ ಅಂತಸ್ತಿಗೆ ಕಬ್ಬಿಣದ ಜಾಳಿಗೆಯ ನೆಲ ಬೆಸೆದಾಗಿತ್ತು, ಮೇಲಿನದು ಇನ್ನೂ ಗೋಡೆಗೆ ಒರಗಿಕೊಂಡಿತ್ತು. ಒಂದು ಬಾಜು ಬಾಗಿಲಿತ್ತು, ಇನ್ನೊಂದು ಬಾಜು ಬಯಲು. ಹಿಂದಿನ ದೀಪಗಳಿಗೆ ತಂತಿ ಇರಲಿಲ್ಲ. ನಾನು ಕೂಡಲೇ ಎಷ್ಟು ತಾಸು ಎಂದು ಎಣಿಸತೊಡಗಿದೆ. ಎಣಿಕೆ ಮುಗಿಯಲಿಲ್ಲ. ಕರೆಂಟೇ ಇಲ್ಲದಾಗ ಯಾವ ಲೆಕ್ಕ?

ಅಣ್ಣ ಬೈಕು ತೆಗೆದುಕೊಂಡು ಹೋದವನು ಗೋದಾಮಿನವರ ಜನರೇಟರನ್ನು ಕೈಗಾಡಿಯ ಮೇಲೆ ಹೇರಿಸಿಕೊಂಡು ಬಂದ. ಮದುವೆಯ ಕಾರಿನ ಮೇಲೆ ತಾಡಪಾಲು ಎಳೆದು, ತಾನೇ ಗ್ರೈಂಡರ್ ಹಿಡಿದ. ಅವನು ಗ್ರೈಂಡರ್ ಹಿಡಿದಿದ್ದನ್ನು ನಾನು ನೋಡಿ ವರ್ಷಗಳಾಗಿದ್ದವು. ಚಾಚಾ ಮೇಲಿನ ಜಾಳಿಗೆಯನ್ನು ಅಲ್ಲಲ್ಲಿ ಬೆಸೆದು ನಿಲ್ಲಿಸಿದ. ನಾನು ಬಯಲಾಗಿದ್ದ ಬಾಜಿಗೆ ಹಲಗೆ ಇಟ್ಟು ಹಗ್ಗದಿಂದ ಬಿಗಿದೆ. ಬೆರಳು ಹರಿದಿದ್ದು ಆಮೇಲೆ ಗೊತ್ತಾಯಿತು. ಬಣ್ಣ ಕಾಣದ ಗಾಡಿ ಮಧ್ಯಾಹ್ನದ ಹೊತ್ತಿಗೆ ಶೆಡ್ಡಿನಿಂದ ಹೊರಬಿತ್ತು. ಅಣ್ಣ ನಡೆಸಿದ, ನಾನು, ಚಾಚಾ ಅವನ ಪಕ್ಕ ಒತ್ತಿಕೊಂಡು ಕೂತೆವು. ನವಲಗುಂದ ದಾಟುವತನಕ ಚಾಚಾ ಹಿಂದಿನ ಕಿಟಕಿಯಿಂದ ತನ್ನ ಬೆಸುಗೆಗಳನ್ನು ನೋಡುತ್ತಿದ್ದ.

ಬಂಡಿ ದಾರಿಗೆ ಗಾಡಿ ಇಳಿಯುವಂತಿರಲಿಲ್ಲ. ರಸ್ತೆಯ ಮೇಲೆಯೇ ನಿಲ್ಲಿಸಿದೆವು. ಹೊಲದಿಂದ ಹೆಂಗಸರು, ಗಂಡಸರು ಮರಿಗಳನ್ನು ಕಂಬಳಿಯಲ್ಲಿ ಸುತ್ತಿ, ಹೆಗಲ ಮೇಲೆ ಹಾಕಿಕೊಂಡು, ಸೆರಗಿನಲ್ಲಿ ಕಟ್ಟಿಕೊಂಡು ಬರುತ್ತಿದ್ದರು. ನಾನೂ ಇಳಿದೆ. ಹತ್ತು ಹೆಜ್ಜೆಗೇ ಒಂದು ಚಪ್ಪಲಿ ಮಣ್ಣಿನೊಳಗೆ ಉಳಿಯಿತು. ಇನ್ನೊಂದನ್ನು ನಾನೇ ಬಿಟ್ಟೆ. ಒಂದೊಂದು ಕಾಲಿಗೂ ಮಣ್ಣು ಮೆತ್ತಿಕೊಂಡು ಕಲ್ಲು ಕಟ್ಟಿದಷ್ಟು ಭಾರವಾಗುತ್ತಿತ್ತು. ಕೆರೆದು ತೆಗೆದರೆ ಮುಂದಿನ ಹೆಜ್ಜೆಗೆ ಮತ್ತೆ ಅಷ್ಟೇ. ಕಂಕುಳಲ್ಲಿ ಒಂದೊಂದು ಮರಿ. ಒದ್ದೆಯಾದ ಉಣ್ಣೆಯ ಕೆಳಗೆ ಅವುಗಳ ಎದೆ ಬಡಿಯುವುದು ನನ್ನ ಪಕ್ಕೆಗೆ ತಾಗುತ್ತಿತ್ತು.

ಕೆಳಗಿನ ಖಾನೆಗೆ ಮೊದಲು ಹಾಕಿದ ಮರಿಯೊಂದು ಕಿರುಚಿತು. ಅದರ ಕಾಲು ಜಾಳಿಗೆಯ ಸಂದಿನಲ್ಲಿ ಇಳಿದುಹೋಗಿತ್ತು. ಆ ಜಾಳಿಗೆಯನ್ನು ಆರಿಸಿದವಳು ನಾನು. ಉಚ್ಚೆ, ಹಿಕ್ಕೆ ಕೆಳಗೆ ಬೀಳಲಿ, ಭಾರ ತಡೆಯಲಿ ಎಂದಷ್ಟೇ ನೋಡಿದ್ದೆ. ದೊಡ್ಡ ಮರಿಗಳ ಗೊರಸಿಗೆ ಅದು ಸರಿ ಇತ್ತು, ಎಳೆಯವಕ್ಕೆ ಸರಿಯಿರಲಿಲ್ಲ. ಚಾಚಾ ತನ್ನ ದಪ್ಪ ಬೆರಳುಗಳಿಂದ ಕಾಲನ್ನು ಮೆಲ್ಲಗೆ ತಿರುಗಿಸಿ ಬಿಡಿಸಿದ. ಅಣ್ಣ ಸೀಟಿನ ಹಿಂದೆ ಇದ್ದ ಗೋಣಿಚೀಲಗಳನ್ನು ಎಳೆದು ಹಾಸಿದ. ಸಾಲದಿದ್ದಾಗ ಆಕೆ ತಮ್ಮ ಕಂಬಳಿಗಳನ್ನು ಹಾಸಿದಳು.

ಗಾಡಿಗೆ ದಿಬ್ಬ ದೂರವಾಗಲಿಲ್ಲ. ಗಾಡಿ ಕಂಡ ಕೂಡಲೇ ತಾಯಿಗಳು ಕೂಗುತ್ತ ಓಡಿ ಬಂದವು. ನಾವು ಒಂದು ಬಾಜಿನ ಬಾಗಿಲು ತೆರೆದು, ಇನ್ನೊಂದು ಬಾಜಿನ ಹಗ್ಗ ಕೊಯ್ದೆವು. ಗದ್ದಲದಲ್ಲಿ ಒಂದು ಕುರಿ ಗುದ್ದಿ ನನ್ನನ್ನು ಬೀಳಿಸಿತು. ಆಕೆ ಒಂದೊಂದೇ ಮರಿಯನ್ನು ಎತ್ತಿ ಅದರ ಮುಖ ನೋಡಿ ಕೆಳಗೆ ಬಿಡುತ್ತಿದ್ದಳು. ತಾಯಿ ಮೂಸುತ್ತಿತ್ತು, ಮರಿ ಹೊಟ್ಟೆಯ ಕೆಳಗೆ ನುಗ್ಗುತ್ತಿತ್ತು, ಬಾಲ ಅಲುಗಾಡುತ್ತಿತ್ತು. ಕೂಗು ಸ್ವಲ್ಪ ಸ್ವಲ್ಪವೇ ಕಡಿಮೆಯಾಯಿತು. ಗಾಡಿ ಬರಿದಾದ ಮೇಲೂ ಕೆಲವು ತಾಯಿಗಳು ಅದನ್ನು ಬಿಟ್ಟು ಹೋಗಲಿಲ್ಲ. ಅದರಲ್ಲಿ ಒಂದು, ಕಿವಿಯ ಹತ್ತಿರ ಕಂದು ಮಚ್ಚೆಯಿದ್ದದ್ದು, ಗಾಲಿಯ ಹಿಂದೆ, ಚಾಸಿಯ ಕೆಳಗೆ ಕತ್ತು ಚಾಚಿ ಹುಡುಕುತ್ತಿತ್ತು, ಒಂದು ಸುತ್ತು ಹಾಕಿ ಬಂದು ಮತ್ತೆ ಅಲ್ಲೇ ನೋಡುತ್ತಿತ್ತು.

"ನಾಳಿ ತನಕಾ ಹಂಗ ತಿರಗ್ತೈತಿ," ಎಂದಳು ಆಕೆ, ನಾನು ಅದನ್ನೇ ನೋಡುತ್ತಿದ್ದುದನ್ನು ಕಂಡು. "ಆಮ್ಯಾಲ ಬಿಡತೈತಿ."

ಗಾಡಿಯನ್ನು ಅವರ ಬಳಿಯೇ ಬಿಟ್ಟು ನಾವು ಬಸ್ಸು ಹಿಡಿದು ಊರಿಗೆ ಬಂದೆವು. ಬರಿಗಾಲಲ್ಲಿ, ಮೊಣಕಾಲವರೆಗೆ ಕರಿ ಮಣ್ಣು ಮೆತ್ತಿಕೊಂಡಿದ್ದ ನನ್ನನ್ನು ನೋಡಿ ಕಂಡಕ್ಟರ್ ಏನೋ ಕೇಳಲು ಹೋಗಿ ಬಿಟ್ಟ.

ಹಿಂಡು ಹಂತ ಹಂತವಾಗಿ ಮಿಶ್ರಿಕೋಟಿಯ ಕಡೆ ನಡೆಯಿತು. ಹಗಲು ದೊಡ್ಡವು ನಡೆಯುವುದು, ಸಂಜೆಗೆ ಮುಂಚೆ ಗಾಡಿ ಮರಿಗಳನ್ನು ತಂದು ಅಲ್ಲಿಗೆ ಮುಟ್ಟಿಸುವುದು. ಅಲ್ಲಲ್ಲಿ ಮಾತ್ರ ಬೆಸೆದ ಜಾಳಿಗೆಯ ಕೆಳಗೆ ಮರಿಗಳಿವೆ ಎಂಬುದು ನನ್ನ ತಲೆ ಬಿಟ್ಟು ಹೋಗಲಿಲ್ಲ. ಮೈದುನನಿಗೆ ದಿನವೂ ಫೋನು ಮಾಡುತ್ತಿದ್ದೆ. ಮೇಲಿನದು ಜಗ್ಗುತ್ತಿದೆಯೇ, ಬಲಗಡೆಯ ಮೂಲೆ ಬಿರುಕು ಬಿಟ್ಟಿದೆಯೇ, ಕತ್ತಲಾಗುವ ಮೊದಲು ನಿಲ್ಲಿಸಿದಿರೇ. ಕೊನೆಕೊನೆಗೆ ಅವನು ಫೋನು ಎತ್ತುವುದನ್ನೇ ಬಿಟ್ಟ. ಮದುವೆಯ ಕಾರು ಹೇಗೋ ಮುಹೂರ್ತಕ್ಕೆ ಹೋಗಿ ಮುಟ್ಟಿತು. ಅದರ ಬಣ್ಣ ಪೂರ್ತಿ ಒಣಗಿರಲಿಲ್ಲ, ಮದುಮಗನ ಶೇರವಾನಿಗೆ ಹತ್ತಿತು ಎಂದು ಅಣ್ಣ ಒಂದು ವಾರ ಬೈಸಿಕೊಂಡ.

ಅವರು ಊರು ಮುಟ್ಟಿದರೆಂದು ತಿಳಿದ ಮೇಲೆ ನಾನೂ ಚಾಚಾನೂ ಶೆಡ್ಡಿನ ಹಳೆಯ ಜೀಪಿನಲ್ಲಿ ವೆಲ್ಡಿಂಗ್ ಮಷೀನು, ಜನರೇಟರ್, ಉಳಿದ ಬಾಗಿಲು ಹೇರಿಕೊಂಡು ಮಿಶ್ರಿಕೋಟಿಗೆ ಹೋದೆವು. ರೋಹಿಣಿ ಆಗಷ್ಟೇ ಹಿಡಿದಿತ್ತು. ಕೆಂಪು ಮಣ್ಣು ಮಳೆ ಕುಡಿದೂ ಕಾಲಿಗೆ ಹತ್ತುತ್ತಿರಲಿಲ್ಲ. ಅವರ ಮನೆಯ ಮುಂದೆ ಗಾಡಿ ನಿಂತಿತ್ತು. ಚಾಚಾ ಮೊದಲು ಕೆಳಗೆ ಮಲಗಿ ಹೊಸ ಪಟ್ಟಿಗಳನ್ನು ನೋಡಿದ. ಎದ್ದಾಗ ಅವನ ಮುಖ ಸಡಿಲಾಗಿತ್ತು. ಜಾಳಿಗೆಯ ಮೇಲೆ ಹತ್ತಿರ ಹತ್ತಿರ ಕಟ್ಟಿಗೆಯ ಪಟ್ಟಿ ಬಡಿದೆವು, ಬಾಗಿಲು ಕೂರಿಸಿದೆವು, ದೀಪಗಳಿಗೆ ತಂತಿ ಎಳೆದೆವು, ಮೇಲಿನ ಬೆಸುಗೆಗಳನ್ನು ಪೂರ್ತಿ ಮಾಡಿದೆವು. ಹೊತ್ತು ನೆತ್ತಿಯಿಂದ ಇಳಿದಿತ್ತು.

ರೊಟ್ಟಿ, ಮೊಸರು, ಹಸಿಮೆಣಸಿನಕಾಯಿ ಚಟ್ನಿ ಹಾಕಿ ಆಕೆ ನಮ್ಮ ಎದುರಿಗೆ ಕೂತಳು. ಒಟ್ಟು ಎಷ್ಟು ತಾಸಾಯಿತು ಎಂದು ತಾನಾಗಿಯೇ ಕೇಳಿದಳು. ಚಾಚಾ ಹೇಳಿದ್ದಕ್ಕಿಂತಲೂ ಹೆಚ್ಚಾಗಿತ್ತು. ಹೇಳಿದೆ. ಮಳೆಗಿಂತ ಮೊದಲು ಆಗುತ್ತದೆ ಎಂದು ಮಾತು ಕೊಟ್ಟಿದ್ದೆ, ಆಗಲಿಲ್ಲ ಎಂದೂ ಹೇಳಿದೆ. ಆಕೆ ಚಾಚಾನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

"ನೀನೂ ತಪ್ಪಿದಿ, ಮಳಿನೂ ತಪ್ಪತು. ಇನ್ನ ಯಾರಿಗೆ ಅನ್ನೂದವಾ? ಉಣ್ಣು."

ನನಗೆ ಊಟ ಇಳಿಯಿತು. ಆದರೆ ಕೆಸರಲ್ಲೇ ಉಳಿದ ಮರಿಗಳು ಎಷ್ಟು ಎಂದು ನಾನು ಕೇಳಲಿಲ್ಲ, ಆಕೆ ಹೇಳಲೂ ಇಲ್ಲ. ಎರಡು ದಿನ ಮೊದಲೇ ಗಾಡಿ ಆಗಿದ್ದರೆ ಎಂದು ಈಗಲೂ ಒಮ್ಮೊಮ್ಮೆ ಹಿಂದಕ್ಕೆ ಎಣಿಸುತ್ತೇನೆ. ಆ ಎತ್ತರ ಬದಲಿಸದಿದ್ದರೆ, ಆ ದಿನ ಕರೆಂಟು ಹೋಗದಿದ್ದರೆ, ಬೀಡಿಗೆ ನಿಂತ ಹೊತ್ತು ಉಳಿದಿದ್ದರೆ. ಹಾಗೆ ಎಣಿಸಿದರೆ ಎಲ್ಲಿಯೂ ಮುಟ್ಟುವುದಿಲ್ಲ, ಆದರೂ ಎಣಿಸುತ್ತೇನೆ.

ಸಾಮಾನು ಹೇರುತ್ತಿದ್ದಾಗ ಅವರ ಓಣಿಯವನೊಬ್ಬ ತನ್ನ ಟೆಂಪೊ ತಂದು ನಿಲ್ಲಿಸಿದ. ಇಂಥದೇ ಒಂದು ತನಗೂ ಬೇಕು, ಎಷ್ಟು ತಾಸು ಹಿಡಿಯುತ್ತದೆ ಎಂದು ಕೇಳಿದ. ಅಣ್ಣಿಗೇರಿಗೆ ತನ್ನಿ, ತಳ ಬಿಚ್ಚಿ ನೋಡಿ ಹೇಳುತ್ತೇನೆ ಎಂದೆ. ಹುಬ್ಬಳ್ಳಿಯಲ್ಲಿ ನಿಂತ ಕಾಲ ಮೇಲೆ ಹೇಳುತ್ತಾರೆ ಎಂದು ಅವನು ಗೊಣಗಿ ಹೋದ. ಅಣ್ಣನಿಗೆ ಹೇಳಿದಾಗ, ಬಂದ ಗಿರಾಕಿಯನ್ನು ಓಡಿಸಿದೆ ಎಂದು ಬೈದ. ಪಂಚಮಿ ಕಳೆದ ಮೇಲೆ ಆ ಮನುಷ್ಯ ಬಂದ. ಆಮೇಲೆ ಅವನ ಬೀಗರು ಬಂದರು. ಅಂಥ ಗಾಡಿಗಳನ್ನು ನಾವು ಈಗ ಹಲವು ಕಟ್ಟಿದ್ದೇವೆ. ಒಂದರ ಹಾಗೆ ಇನ್ನೊಂದಿಲ್ಲ, ಒಂದಕ್ಕೆ ಹಿಡಿದ ಹೊತ್ತು ಇನ್ನೊಂದಕ್ಕೆ ಹಿಡಿದಿಲ್ಲ.

ಈ ಸಂಜೆಯೂ ಒಂದು ಹೊಸದಾಗಿ ಬಂದು ಶೆಡ್ಡಿನ ಮುಂದೆ ನಿಂತಿದೆ, ಅಳ್ನಾವರ ಕಡೆಯದು. ಗಿರಾಕಿ ಫೋನಿನ ಮೇಲೆ ಫೋನು ಮಾಡುತ್ತಿದ್ದಾನೆ. ಚಾಚಾ ನಾಳೆ ತಳ ಬಿಚ್ಚುತ್ತಾನೆ. ನಾನು ಆಗಲೇ ಎರಡು ಸಲ ಹೋಗಿ ಬಗ್ಗಿ ನೋಡಿ ಬಂದಿದ್ದೇನೆ.